ಕೆರೆಯಿಂದ ಎದ್ದ ಮೃಗಕ್ಕೆ ತಾತನ ಪ್ರಶ್ನೆಗಳು

ಹೊಸ ಕಂಬಳಿಗೆ ಒಂದು ವಾಸನೆ ಇದೆ. ಉಣ್ಣೆಯ ಜಿಡ್ಡು, ನೂಲಿಗೆ ಬಳಿದ ಹುಣಸೆ ಬೀಜದ ಗಂಜಿ ಎರಡೂ ಸೇರಿ ಸ್ವಲ್ಪ ಹುಳಿಯಾಗಿ, ಸ್ವಲ್ಪ ಬೆಚ್ಚಗೆ ಮೂಗಿಗೆ ಬರುವ ವಾಸನೆ. ಕಳೆದ ತಿಂಗಳು ಹಗರಿಬೊಮ್ಮನಹಳ್ಳಿಯ ಚಿತ್ರಮಂದಿರದಲ್ಲಿ ನನ್ನ ಮುಂದಿನ ಸಾಲಿನ ಮುದುಕರೊಬ್ಬರ ಹೆಗಲಿನಿಂದ ಅದು ಬಂತು. ಪರದೆಯ ಮೇಲೆ ಬೆಟ್ಟದಷ್ಟು ದೊಡ್ಡ ಮೃಗವೊಂದು ಸೇತುವೆಯನ್ನು ಮುರಿಯುತ್ತಿತ್ತು, ಸಭಾಂಗಣವೆಲ್ಲ ಸಿಳ್ಳೆ ಹಾಕುತ್ತಿತ್ತು, ನಾನೂ ಕುರ್ಚಿಯ ತುದಿಗೆ ಬಂದು ಕುಳಿತಿದ್ದೆ. ಆದರೆ ಆ ವಾಸನೆ ಮೂಗಿಗೆ ಬಿದ್ದ ಮೇಲೆ ಸೇತುವೆ ಏನಾಯಿತೋ ನೋಡಲಿಲ್ಲ. ಹೊರಗೆ ಬಂದಾಗ ಫೋನು ಹಿಡಿದ ಯುವಕನೊಬ್ಬ ಪ್ರೇಕ್ಷಕರ ಅಭಿಪ್ರಾಯ ಕೇಳುತ್ತಿದ್ದ. "ಮೇಡಂ, ಒಂದ ಲೈನ್ಯಾಗ ಹೇಳ್ರಿ. ಅಂಜಿಕಿ ಬಂತೋ ಇಲ್ಲೋ, ಅಷ್ಟ ಸಾಕು." ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ದಿನವೂ ದೊಡ್ಡ ಸುದ್ದಿಗಳನ್ನು ಒಂದು ಸಾಲಿಗೆ ಇಳಿಸಿದವಳು ನಾನು. ಅವನಿಗೆ ಮಾತ್ರ ಒಂದು ನಗು ಕೊಟ್ಟು ಬಂದುಬಿಟ್ಟೆ. ಅದೇ ಪ್ರಶ್ನೆಯನ್ನು ನನ್ನ ಎಂಟನೆಯ ವಯಸ್ಸಿನಲ್ಲಿ ಒಮ್ಮೆ ಕೇಳಿದ್ದರು. ಅವತ್ತು ನನ್ನ ಉತ್ತರದ ಮೇಲೆ ಇನ್ನೊಬ್ಬಳ ಸುಖ ನಿಂತಿತ್ತು.

ನಮ್ಮದು ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಹಳ್ಳಿ. ಮಾಳಿಗೆಯ ಮನೆ, ಹಿತ್ತಲಲ್ಲಿ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿಹಟ್ಟಿ. ಬೆಳಗಿನ ಹೊತ್ತು ಹಿಂಡು ಹೊರಟರೆ ಅಂಗಳದಲ್ಲಿ ಏಳುವ ಧೂಳು ಒಳಗಿನ ರೊಟ್ಟಿಯ ಹಂಚಿನವರೆಗೂ ಬರುತ್ತಿತ್ತು. ಮನೆಯ ಯಜಮಾನ ತಾತ, ಆದರೆ ಯಾರು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುತ್ತಿದ್ದವಳು ಅಜ್ಜಿ. ಅಪ್ಪನ ತಂಗಿ ನಾಗಮ್ಮ ನನಗೆ ನಾಗತ್ತಿ. ಅವಳಿಗಾಗ ಹದಿನೆಂಟೋ ಹತ್ತೊಂಬತ್ತೋ. ವಾರವಿಡೀ ಹಟ್ಟಿಯ ಕಸ ಬಳಿದು, ಮರಿಗಳಿಗೆ ಸೊಪ್ಪು ಕಟ್ಟಿ, ಸಂತೆಯ ದಿನ ಕೊಟ್ಟೂರಿನ ತಗಡಿನ ಟಾಕೀಸಿನಲ್ಲಿ ಮ್ಯಾಟಿನಿ ನೋಡುವುದು ಅವಳಿಗಿದ್ದ ಒಂದೇ ಒಂದು ಬಿಡುವು. ಊರಿನಲ್ಲಿ ಯಾರೋ ಅದರ ಬಗ್ಗೆ ಮಾತಾಡಿದರೆಂದು ಅಜ್ಜಿ ಅದನ್ನು ನಿಲ್ಲಿಸಲು ನೆಪ ಹುಡುಕುತ್ತಿದ್ದಳು. ಕೆರೆಯಿಂದ ಏಳುವ ಮೃಗದ ಚಿತ್ರ ಬಂದಾಗ, ನನ್ನನ್ನೂ ಕರೆದೊಯ್ಯುತ್ತೇನೆಂದು ನಾಗತ್ತಿ ಅಂದಳು. ಅಜ್ಜಿಗೆ ನೆಪ ಸಿಕ್ಕಿತು.

"ಹುಡಿಗಿ ಅಂಜಿ ಜ್ವರ ತಂದ್ಕೊಂಡ್ಲು ಅಂದ್ರ ನಿನ್ನ ಸಿನಿಮಾ ಅವತ್ತಿಗೆ ಮುಗೀತು ನೋಡು."

"ಏನೂ ಆಗಂಗಿಲ್ಲ ಬಿಡಬೇ. ತ್ವಾಳದ ಹೆಜ್ಜಿ ಮ್ಯಾಲೆ ಆಡಿ ಬೆಳದಾಕಿ ಅದಾಳ" ಎಂದು ನಾಗತ್ತಿ ನನ್ನ ಜಡೆ ಬಿಗಿದು ಕಟ್ಟಿದಳು. ಬಸ್ಸಿಳಿದು ಟಾಕೀಸಿನವರೆಗೆ ಅವಳು ನಡೆಯಲಿಲ್ಲ, ಓಡಿದಳು. ಗೋಡೆಯ ಮೇಲಿನ ಪೋಸ್ಟರಿನಲ್ಲಿ ಮೊಸಳೆಯ ಮುಖ, ಮನುಷ್ಯನ ಭುಜ. ನಾನು ಆಗಲೇ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಚಿತ್ರ ಎಲ್ಲಿಯದೋ, ಮಾತು ತೆಲುಗಿನದು. ತಗಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದು ಬೀಡಿಯ ಹೊಗೆಯಲ್ಲಿ ಅಲ್ಲಾಡುತ್ತಿದ್ದವು. ಕೆರೆಯ ದಂಡೆಯ ಗೂಟಕ್ಕೆ ಒಂದು ಆಡು ಕಟ್ಟಿದ್ದರು. ನೀರು ಗುಳುಗುಳು ಎಂದಿತು. ಮೊದಲು ಎರಡು ಕಣ್ಣು, ಆಮೇಲೆ ಪಾಚಿ ಮೆತ್ತಿದ ಬೆನ್ನು. "ಲೇ, ಕಣ್ಣು ಮುಚ್ಕಾ" ಎಂದು ನಾಗತ್ತಿ ಕಿವಿಯಲ್ಲಿ ಹೇಳಿದಳು. "ಮುಚ್ಚಂಗಿಲ್ಲ, ತಾತ ಕೇಳ್ತಾನ" ಅಂದೆ. ಮೃಗ ಬಾಯಿ ತೆರೆದದ್ದೇ ತಡ, ನಾಗತ್ತಿ ಚೀರಿದಳು. ಮುಂದೆ ಕುಳಿತಿದ್ದ ಹೆಂಗಸು ತಿರುಗಿ, "ಯವ್ವಾ, ಅದನ್ನ ನೋಡಿ ಅಂಜಲಿಲ್ಲ ನಾನು. ನೀ ಚೀರಿದ್ದಕ್ಕ ಎದಿ ಒಡೀತು" ಎಂದು ಬೈದಳು. ಸುತ್ತಲಿನವರು ನಕ್ಕರು. ನಾನೂ ನಕ್ಕೆ. ನಕ್ಕದ್ದರಿಂದ ಅಳು ತಪ್ಪಿತು.

ತಾತ ಕೇಳುತ್ತಾನೆ ಎಂದೆನಲ್ಲ, ಅದು ನಮ್ಮ ಮನೆಯ ಕಟ್ಟಳೆ. ಹಿಂಡಿನ ಮೇಲೆ ತೋಳ ಬಿದ್ದ ದಿನ, ಕಾಯಲು ಹೋದವರು ಬಂದು ನೀರು ಕುಡಿಯುವ ಮೊದಲೇ ತಾತನ ಎದುರು ಕುಳಿತು ಎಲ್ಲವನ್ನೂ ಒಪ್ಪಿಸಬೇಕಿತ್ತು. ಯಾವ ಕಡೆಯಿಂದ ಬಂತು, ಗಾಳಿ ಎತ್ತಣದು, ನಾಯಿ ಎಲ್ಲಿತ್ತು, ಕುರಿಯ ಕುತ್ತಿಗೆ ಹಿಡಿಯಿತೋ ತೊಡೆ ಹಿಡಿಯಿತೋ. "ಭಾಳ ದೊಡ್ಡದಿತ್ತು" ಎಂದರೆ ತಾತ ಒಪ್ಪುತ್ತಿರಲಿಲ್ಲ. ಯಾವುದರಷ್ಟು ದೊಡ್ಡದು ಎಂದು ಹೇಳಬೇಕು. ಅಂಜಿಕೆಯ ಮಾತು ಕೊನೆಗೆ. ಮುಂದೆ ಸುದ್ದಿಮನೆಯಲ್ಲಿ ಹಿರಿಯರು ನನಗೆ ಕಲಿಸಿದ್ದು ಇದಕ್ಕಿಂತ ಹೆಚ್ಚೇನೂ ಅಲ್ಲ. ನಿಮ್ಮ ಮನೆಯಲ್ಲೂ ಹೀಗೆ ಕಿವಿಗೊಟ್ಟು ಕೇಳುವವರೊಬ್ಬರು ಇದ್ದಿರಬೇಕು. ಅಂಥವರು ಹೋದ ಮೇಲೆ ನಾವು ಎಷ್ಟು ಊರು ಸುತ್ತಿ ಬಂದರೂ ಪೂರ್ತಿ ಬಂದಂತಾಗುವುದಿಲ್ಲ.

ಹೊತ್ತು ಮುಳುಗುವ ಮೊದಲು ಮನೆ ಸೇರಿದೆವು. ತಾತ ಕಟ್ಟೆಯ ಮೇಲೆ ಹೊಸ ಕಂಬಳಿ ಹಾಸಿ, ಅದರ ಮೇಲೆ ನನ್ನನ್ನು ಕೂರಿಸಿದ. ಅಜ್ಜಿ ಬಾಗಿಲಿಗೆ ಒರಗಿ ನಿಂತಳು. ನಾಗತ್ತಿ ಕಂಬದ ಮರೆಗೆ ಹೋದಳು.

"ಯಾವ ಕಡಿಯಿಂದ ಬಂತು?"

"ನೀರಾಗಿಂದ."

"ಎಷ್ಟಿತ್ತು?"

"ನಮ್ಮ ಬಾಗಲದಷ್ಟು. ಬಗ್ಗಿದ್ರ ಒಳಗ ಬರ್ತಿತ್ತು."

"ಗಾಳಿ?"

"ಗಿಡ ಅಲ್ಲಾಡ್ತಿದ್ವು ತಾತ. ಅದರ ಕಡಿಯಿಂದ ಆಡಿನ ಕಡಿಗೆ."

"ಹಂಗಾದ್ರ ಆಡಿಗೆ ವಾಸನಿ ಹೋಗಿರಬೇಕಲ್ಲ. ಒದರಿತೇನು? ಹಗ್ಗ ಜಗ್ಗಿತೇನು?"

ನಾನು ನೆನಪು ಮಾಡಿಕೊಂಡೆ. "ಇಲ್ಲ. ಮೇಯಾಕತ್ತಿತ್ತು."

ತಾತ ತೊಡೆ ತಟ್ಟಿಕೊಂಡು ನಕ್ಕ. "ಸುಳ್ಳು ಮೃಗ. ಆಡಿಗೆ ರೂಢಿ ಇರೋ ವಾಸನಿ ಅದು. ಒಳಗ ಮನುಷ್ಯಾ ಹೊಕ್ಕಾನ." ಅಕ್ಕಪಕ್ಕದವರೂ ಬಂದು ಸೇರಿದರು. ಅದರ ಹಲ್ಲೆಷ್ಟು, ಹೆಜ್ಜೆಗೆ ಬೆರಳೆಷ್ಟು, ಮೆಲುಕು ಹಾಕುತ್ತದೆಯೇ ಎಂದು ಒಬ್ಬರ ಮೇಲೊಬ್ಬರು ಕೇಳಿದರು. ನಾನು ಎದ್ದು ನಿಂತು, ಬೆನ್ನು ಬಗ್ಗಿಸಿ ನಡೆದು ತೋರಿಸಿದೆ. ನನ್ನ ಬಾಳಿನಲ್ಲಿ ಅಷ್ಟು ಜನ ಒಟ್ಟಿಗೆ ನನ್ನ ಮಾತು ಕೇಳಿದ್ದು ಅದೇ ಮೊದಲು.

"ಅದಿರ್ಲಿ" ಎಂದಳು ಅಜ್ಜಿ. "ನೀ ಅಂಜಿದ್ಯೋ ಇಲ್ಲೋ?"

ಕಂಬದ ಹಿಂದೆ ನಾಗತ್ತಿಯ ಬಳೆಯ ಸದ್ದು ನಿಂತಿತು. ಒಪ್ಪಿಸುವಾಗ ಸುಳ್ಳು ಹೇಳಬಾರದೆಂಬುದು ಕಟ್ಟಳೆ. ನಾನು ತಾತನ ಮುಖ ನೋಡದೆ ಹೇಳಿದೆ, "ನಾ ಅಂಜಿಲ್ಲ." ಅಲ್ಲಿಗೆ ನಿಲ್ಲಿಸಬೇಕಿತ್ತು. ಸುಳ್ಳಿನ ಭಾರ ಇಳಿಸಲು ಒಂದು ನಿಜವನ್ನೂ ಸೇರಿಸಿಬಿಟ್ಟೆ. "ಅತ್ತಿ ಅಂಜಿದ್ಲು. ಚೀರಿದ್ಲು. ಮುಂದಿನಾಕಿ ಬೈದ್ಲು."

ಕಂಬದ ಮರೆಯಿಂದ ಇಣುಕಿದ ನಾಗತ್ತಿಯ ಮುಖ ಬಿಳಿಚಿಕೊಂಡಿತ್ತು. ಅಜ್ಜಿ ಬಾಯಿ ತೆರೆಯುವ ಮೊದಲೇ ತಾತ ಗಂಭೀರವಾಗಿ ತೀರ್ಪು ಕೊಟ್ಟ. "ಹಂಗಾದ್ರ ಚೀರಾಕಿನ್ನ ಒಬ್ಬಾಕಿನ್ನ ಕಳಸೋದು ತಪ್ಪು. ಇನ್ನ ಮ್ಯಾಲೆ ಹುಡಿಗಿನ್ನ ಜತಿಗೆ ಕಳಸ್ರಿ."

"ಮರಿ ಕಾಯಾಕ ಮರೀನ ಕಳಿಸ್ತಾನ, ನೋಡ್ರಿ ಇವನ ಬುದ್ಧಿ" ಎಂದು ಅಜ್ಜಿ ಗೊಣಗುತ್ತ ಒಳಗೆ ಹೋದಳು. ಆದರೆ ಬೇಡ ಎನ್ನಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜ್ವರ ಬರದಿರಲಿ ಎಂದು ಹಣೆಯನ್ನು ತಣ್ಣನೆಯ ಗೋಡೆಗೆ ಒತ್ತಿಕೊಂಡು ಮಲಗಿದ್ದೆ. ಬರಲಿಲ್ಲ. ಮುಂದಿನ ಸಂತೆಗೆ ನಾವಿಬ್ಬರೂ ಹೋದೆವು, ಅದರ ಮುಂದಿನ ಸಂತೆಗೂ. ಹೀಗೆ ಮೂರು ವರ್ಷ, ನಾಗತ್ತಿಯನ್ನು ಹಡಗಲಿ ತಾಲ್ಲೂಕಿನ ಇಟ್ಟಿಗಿಗೆ ಕೊಡುವವರೆಗೆ.

ಆಮೇಲೆ ತಾತ ಹೋದ, ಅಜ್ಜಿ ಹೋದಳು. ಹಿಂಡು ಪಾಲಾಯಿತು. ಹಟ್ಟಿಯ ಜಾಗದಲ್ಲಿ ಚಿಕ್ಕಪ್ಪ ಸಿಮೆಂಟಿನ ಮನೆ ಕಟ್ಟಿಸಿದ. ಕಟ್ಟೆಯ ಕಲ್ಲುಗಳು ಅದರ ಅಡಿಪಾಯಕ್ಕೆ ಹೋದವು.

ನಾಗತ್ತಿಯೂ ಈಗ ಇಲ್ಲ. ಅವಳು ಹೋಗುವ ಹಿಂದಿನ ವರ್ಷ ಇಟ್ಟಿಗಿಗೆ ಹೋಗಿದ್ದೆ. ಮದುವೆಯಾದ ಮೇಲೆ ಟಾಕೀಸಿನ ಮುಖ ನೋಡಿಲ್ಲ ಎಂದಳು. ಯಾರೂ ಬೇಡ ಅಂದಿರಲಿಲ್ಲ, ಯಾರೂ ಹೋಗು ಅಂತಲೂ ಅಂದಿರಲಿಲ್ಲ. ಅವತ್ತು ನಿಜವಾಗಿ ಅಂಜಿದ್ದೆಯಾ ಎಂದು ಕೇಳಿದೆ.

"ಅಂಜಿದ್ದೆ" ಎಂದಳು. "ಆ ಮೃಗಕ್ಕಲ್ಲ. ನೀ ಅತ್ತು ಗಿತ್ತು ಮಾಡಿದ್ರ ಅವ್ವ ಮುಂದಿನ ಸಂತಿಗೆ ಬಿಡಂಗಿಲ್ಲಲ್ಲ ಅಂತ. ನಾ ಚೀರಿದ್ರ ನೀ ನಗ್ತೀ ಅನ್ನೋದು ಗೊತ್ತಿತ್ತು."

ಮರುದಿನ ಅವಳನ್ನು ಹಡಗಲಿಗೆ ಕರೆದೊಯ್ದು ಮ್ಯಾಟಿನಿ ತೋರಿಸಿದೆ. ಹೊರಡುವಾಗ ಅವಳ ಮಗ ಫೋನಿನಿಂದ ತಲೆಯೆತ್ತದೆ "ಹೋಗಿ ಬರ್ರಿ" ಎಂದ. ತಿರುಗಿ ಬಂದಾಗ ಸೊಸೆ ಚಹಾ ಕೊಟ್ಟು ತನ್ನ ಕೆಲಸಕ್ಕೆ ಹೋದಳು. ಏನು ನೋಡಿದಿರಿ, ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ನಾಗತ್ತಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತ ಕುಳಿತಳು. ಆಮೇಲೆ ಚಹಾದ ಲೋಟ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ ಮೊದಲ ದೃಶ್ಯದಿಂದ ಕಥೆ ಶುರು ಮಾಡಿದಳು. ಅವಳ ಪಕ್ಕದಲ್ಲೇ ಕುಳಿತು ನೋಡಿ ಬಂದ ಚಿತ್ರವನ್ನು, ನೋಡೇ ಇಲ್ಲದವಳ ಹಾಗೆ, ನಾನು ಕೊನೆಯವರೆಗೂ ಕೇಳಿದೆ.