ಕ್ಯಾಮೆರಾಗೆ ಹಿಡಿದ ಕೊಡೆ

ಆಷಾಢ ಬಂತೆಂದರೆ ವಿದ್ಯಾರಣ್ಯಪುರದ ನಾಗಭೂಷಣನಿಗೆ ಸಂಪಾದನೆಯಿಲ್ಲ. ಮದುವೆಗಳೇ ನಡೆಯದ ತಿಂಗಳಲ್ಲಿ ಮದುವೆ ಫೋಟೋ ತೆಗೆಯುವವನನ್ನು ಯಾರು ಕರೆಯಬೇಕು? ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಈ ಮಹಾರಾಯನಿಗೆ ಅದೇ ಹಬ್ಬ. ಮೋಡ ಕವಿದ ಕೂಡಲೇ ಸ್ಟುಡಿಯೋದ ಶಟರ್ ಎಳೆದು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟುಬಿಡುತ್ತಾನೆ. ವರ್ಷವಿಡೀ ಮಂಟಪದಲ್ಲಿ ನಿಂತು ‘ಸ್ವಲ್ಪ ನಗಿ’ ಎಂದು ಗೋಗರೆದು ಸಾಕಾದವನಿಗೆ, ಹೇಳಿಸಿಕೊಳ್ಳದೆ ನಗುವವರು ಮಳೆಯಲ್ಲೇ ಸಿಗುತ್ತಾರಂತೆ.

ಜೊತೆಗೆ ಹೆಂಡತಿ ಇಂದು. ಕೊಡೆ ಹಿಡಿಯುವುದು ಅವಳ ಕೆಲಸ. ಗಂಡನಿಗಲ್ಲ, ಕ್ಯಾಮೆರಾಗೆ. ಅವನ ತಲೆ ಅರ್ಧ ನೆನೆಯುತ್ತದೆ, ಅವಳ ಬೆನ್ನು ಪೂರ್ತಿ ನೆನೆಯುತ್ತದೆ, ಕ್ಯಾಮೆರಾ ಮಾತ್ರ ಬಾಣಂತಿಯ ಹಾಗೆ ಬೆಚ್ಚಗಿರುತ್ತದೆ.

ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಚಿತ್ರಗಳನ್ನು ಮೊದಲು ಕಂಡವಳು ಅವಳೇ. “ರೀ, ಆ ಬಸ್ ನೋಡ್ರೀ,” ಎನ್ನುತ್ತಾಳೆ. ನೋಡಿದರೆ ಮಬ್ಬುಗಟ್ಟಿದ ಗಾಜಿನ ಮೇಲೆ ಮಗುವೊಂದು ಬೆರಳಲ್ಲಿ ಮೀನು ಬರೆಯುತ್ತಿರುತ್ತದೆ. ಇದ್ದ ಒಂದೇ ಪ್ಲಾಸ್ಟಿಕ್ ಹಾಳೆಯನ್ನು ಮಲ್ಲಿಗೆ ಬುಟ್ಟಿಗೆ ಹೊದಿಸಿ ತಾನು ನೆನೆಯುತ್ತಾ ಕೂತಿದ್ದ ಹೂವಿನ ಮುನಿಗಂಗಮ್ಮನನ್ನು ತೋರಿಸಿದವಳೂ ಇಂದುವೇ. ಹೆಬ್ಬಾಳದ ಫ್ಲೈಓವರ್ ಕೆಳಗೆ ಮಳೆಗೆ ನಿಂತ ಬೈಕಿನವರು, ಗುರುತು ಪರಿಚಯ ಇಲ್ಲದಿದ್ದರೂ, ಒಂದೇ ಪೊಟ್ಟಣದ ಕಡಲೆಕಾಯಿ ಹಂಚಿಕೊಂಡಿದ್ದನ್ನು ಕಂಡವಳೂ ಅವಳೇ.

ಆದರೆ ಆ ಕ್ಯಾಮೆರಾದ ಮುಂದೆ ಅವಳು ನಿಲ್ಲುವವಳಲ್ಲ. ಅದಕ್ಕೆ ಮೂವತ್ತು ವರ್ಷದ ಹಳೆಯ ಕಾರಣವಿದೆ, ತಪ್ಪೆಲ್ಲ ನಾಗಭೂಷಣನದೇ. ತನ್ನ ಮದುವೆಯ ದಿನ ಅವನು ಗೆಳೆಯ ಶ್ರೀಕಾಂತನ ಕೈಗೆ ಕ್ಯಾಮೆರಾ ಕೊಟ್ಟನಾದರೂ, ರೀಲು ಹಾಕುವುದಕ್ಕೆ ಅವನನ್ನು ನಂಬಲಿಲ್ಲ. ಬಾಸಿಂಗ ಕಟ್ಟಿಸಿಕೊಂಡು ಮಂಟಪಕ್ಕೆ ಹೊರಟವನು ಬಾಗಿಲಲ್ಲೇ ನಿಂತು, ಪುರೋಹಿತರು ಕೂಗುತ್ತಿದ್ದರೂ ಬಿಡದೆ, ತಾನೇ ರೀಲು ಹಾಕಿದ. ಬಾಸಿಂಗ ಕಣ್ಣಿಗೆ ಅಡ್ಡ ಬಂದು, ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕದೆ ಜಾರಿದ್ದು ಕಾಣಲಿಲ್ಲ. ಪಾಪ, ಶ್ರೀಕಾಂತ ತಾಳಿಯಿಂದ ಆರತಕ್ಷತೆಯವರೆಗೆ ಮೂವತ್ತಾರು ಸಲ ಒತ್ತಿದ. ರೀಲು ಇದ್ದಲ್ಲಿಂದ ಕದಲಿರಲಿಲ್ಲ. ಒಂದು ಚಿತ್ರವೂ ಬರಲಿಲ್ಲ.

“ಆ ರೀಲು ಬರ್ಲಿ, ಆಮೇಲೆ ನಿಮ್ಮ ಕ್ಯಾಮೆರಾ ಮುಂದೆ ನಿಲ್ತೀನಿ,” ಎಂದಿದ್ದಳು ಇಂದು. ಮೊದಮೊದಲು ಅದು ಕೋಪವಾಗಿತ್ತು, ಆಮೇಲೆ ತಮಾಷೆಯಾಯಿತು, ಬರಬರುತ್ತಾ ಅಭ್ಯಾಸವೇ ಆಗಿಹೋಯಿತು. ಯಾರಾದರೂ ಮೊಬೈಲ್ ಎತ್ತಿದರೂ ಮುಖ ತಿರುಗಿಸುತ್ತಾಳೆ.

ಈ ಸಲ ಮಗಳು ನಯನಾ ಸ್ಟುಡಿಯೋಗೇ ಬಂದು ಪಟ್ಟು ಹಿಡಿದಳು. ಶ್ರಾವಣದಲ್ಲಿ ಚಿಕ್ಕಜಾಲದಲ್ಲಿ ಅವಳ ಹೊಸ ಮನೆಯ ಗೃಹಪ್ರವೇಶ.

“ಹಾಲ್‌ನಲ್ಲಿ ನಿಮ್ಮಿಬ್ಬರ ಫೋಟೋ ಹಾಕ್ಬೇಕು ಅಪ್ಪಾ. ಊರವರದ್ದೆಲ್ಲಾ ತೆಗ್ದಿದ್ದೀಯ, ಅಮ್ಮಂದು ಒಂದಾದ್ರೂ ಇಲ್ವಾ?”

ನಾಗಭೂಷಣನಿಗೆ ನಾಚಿಕೆಯಾಯಿತು. ಮನೆಗೆ ಬಂದು ಹೆಂಡತಿಯನ್ನು ಬೇಡಿಕೊಂಡ. ಅವಳು “ರೀಲು ಕೊಡಿ,” ಎಂದು ಕೈ ಚಾಚಿದಳು. ದಿನಗಳು ಉರುಳಿದವು, ಆಷಾಢ ಮುಗಿಯುತ್ತಾ ಬಂತು.

ಕೊನೆಯ ಗುರುವಾರ ಮಧ್ಯಾಹ್ನ ಜೋರು ಮಳೆ. ಬಸ್ ನಿಲ್ದಾಣದ ಪಕ್ಕ ರಸ್ತೆಯಲ್ಲಿ ನೀರು ನಿಂತಿತ್ತು. ನೀರಿನಲ್ಲಿ ಕಾಣುವ ಬಸ್ಸನ್ನು ಹಿಡಿಯಬೇಕೆಂದು ನಾಗಭೂಷಣ ಕುಕ್ಕರುಗಾಲಲ್ಲಿ ಕೂತ. ಬಸ್ಸು ಹೋದ ಮೇಲೆ ನೀರಿನಲ್ಲಿ ಇಂದು ಉಳಿದಳು. ಕೈ ಉದ್ದಕ್ಕೆ ಚಾಚಿ ಕ್ಯಾಮೆರಾಗೆ ಕೊಡೆ ಹಿಡಿದಿದ್ದಾಳೆ, ಸೆರಗಿನಿಂದ ನೀರು ಸುರಿಯುತ್ತಿದೆ. ಎಷ್ಟು ಮಳೆಗಾಲ ಹೀಗೆ ಕೂತು ನೀರು ನೋಡಿದ್ದೇನೆ, ಇದನ್ನು ಹೇಗೆ ನೋಡದೆ ಹೋದೆ ಎಂದು ತನ್ನನ್ನೇ ಬೈದುಕೊಂಡ.

ಅವನು ಬಟನ್ ಒತ್ತಲಿಲ್ಲ. ಎದ್ದು, ಕ್ಯಾಮೆರಾವನ್ನು ಎದುರಿಗೆ ನಿಲ್ಲಿಸಿದ್ದ ತನ್ನ ಸ್ಕೂಟರಿನ ಸೀಟಿನ ಮೇಲಿಟ್ಟು, ಟೈಮರ್ ಹಾಕಿ ಓಡಿಬಂದ. ಕೊಡೆ ಕಿತ್ತುಕೊಂಡು ಅವಳ ತಲೆಯ ಮೇಲೆ ಹಿಡಿದ.

“ಅಯ್ಯೋ, ಕ್ಯಾಮೆರಾ ನೆನೀತಿದೆ ಕಣ್ರೀ!”

“ನೆನೀಲಿ ಬಿಡು.”

“ಹುಚ್ಚು ಗಿಚ್ಚು ಹಿಡೀತಾ ನಿಮ್ಗೆ?”

“ಇಷ್ಟು ವರ್ಷ ನೀನ್ ನೆಂದಿದ್ದೀಯ ಕಣೇ. ಅದು ಹತ್ತು ಸೆಕೆಂಡ್ ನೆನೀಲಿ.”

ಇಂದು ಕ್ಯಾಮೆರಾದ ಕಡೆ ಒಂದು ಹೆಜ್ಜೆ ಇಟ್ಟವಳು ನಿಂತಳು. ಅಭ್ಯಾಸಬಲದಿಂದ ಮುಖ ತಿರುಗಿಸಿದಳು. ಕೊಡೆಯನ್ನೆಲ್ಲ ತನ್ನ ಮೇಲೇ ಹಿಡಿದು ಗಂಡ ನೆನೆಯುತ್ತಿರುವುದು ಕಂಡಿತು. ಮತ್ತೆ ಕ್ಯಾಮೆರಾದತ್ತ ತಿರುಗಿದಳು.

ಚಿತ್ರ ಬಂತು. ಆದರೆ ಲೆನ್ಸಿನ ಮೇಲೆ ಒಂದು ಹನಿ ಕೂತಿತ್ತು. ಇಂದು ಬಾಯ್ತುಂಬ ನಗುತ್ತಿದ್ದಾಳೆ, ಪಕ್ಕದಲ್ಲಿ ನಾಗಭೂಷಣನ ಮುಖ ಇರಬೇಕಾದಲ್ಲಿ ಬರೀ ಮಬ್ಬು. ಇನ್ನೊಂದು ತೆಗೆಯೋಣವೆಂದು ಅವನು ಒದ್ದಾಡಿದರೂ ಅವಳು ಬಿಡಲಿಲ್ಲ.

ಈಗ ಅದು ಚಿಕ್ಕಜಾಲದ ಮನೆಯ ಹಾಲ್‌ನಲ್ಲಿದೆ. ಬಂದವರು ಯಜಮಾನರ ಮುಖ ಯಾಕೆ ಹೀಗೆ ಎಂದು ಕೇಳುತ್ತಾರೆ.

“ಅವತ್ತು ಕೊಡೆ ನಂಗೆ ಹಿಡಿದಿದ್ರು ಕಣ್ರೀ,” ಎನ್ನುತ್ತಾಳೆ ಇಂದು, ಕೇಳದವರಿಗೂ.