ಚಿರತೆ ಬಿದ್ದ ಬಾವಿಯ ಮನೆ

ಹುಡುಗನ ಅತ್ತೆ ಬಳಿಯ ಹೆಸರು ಹೇಳಿದ ಕೂಡಲೇ ನನ್ನ ಮಗಳು ಕೈಯಲ್ಲಿದ್ದ ಚಾದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. ಯಾರಿಗೂ ಕೊಡಲಿಲ್ಲ. ಅದು ನಮ್ಮದೇ ಬಳಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಳಿ ಅಂದರೆ ಗೋತ್ರದ ಹಾಗೆ, ನಮ್ಮಲ್ಲಿ ಅದು ಬರುವುದು ತಾಯಿಯಿಂದ. ನನ್ನ ಅಮ್ಮನದ್ದು ನನಗೆ, ನನ್ನದು ಮಗಳಿಗೆ, ಮಗಳದ್ದು ಮೊಮ್ಮಗಳಿಗೆ. ಅಪ್ಪನದ್ದು ಅಪ್ಪನ ಜೊತೆಗೇ ಹೋಗುತ್ತದೆ, ಮಕ್ಕಳಿಗೆ ಇಲ್ಲ. ಒಂದೇ ಬಳಿಯವರು ಎಲ್ಲಿ ಹುಟ್ಟಿದರೂ ಅಣ್ಣ ತಂಗಿಯ ಲೆಕ್ಕ. ಮದುವೆ ಆಗುವ ಹಾಗಿಲ್ಲ.

ಮೊಮ್ಮಗಳು ನಿಟ್ಟೆಯಲ್ಲಿ ಓದಿದವಳು, ಮಣಿಪಾಲದಲ್ಲಿ ಕಂಪ್ಯೂಟರಿನ ಕೆಲಸ. ಹುಡುಗನೂ ಅದೇ ಕಟ್ಟಡದಲ್ಲಿ. ಅವರೇ ನೋಡಿಕೊಂಡದ್ದು, ನಮಗೆ ಹೇಳಿದ್ದು ಎಲ್ಲ ಆದ ಮೇಲೆ. ಅದಕ್ಕೆ ನನ್ನ ತಕರಾರು ಇರಲಿಲ್ಲ. ನನಗೆ ನೋಡಿ ತಂದ ಗಂಡ ಎಂತಹವನು ಅಂತ ನನಗೆ ಗೊತ್ತುಂಟು.

ಆ ದಿನ ಕಾಪುವಿನ ನಮ್ಮ ಮನೆಗೆ ಮಾತಾಡಲಿಕ್ಕೆ ಬಂದದ್ದು ಹುಡುಗ ಮತ್ತು ಅವನ ಅತ್ತೆ, ಅಂದರೆ ಅಪ್ಪನ ತಂಗಿ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಮ್ಮ ಮುಂಬಯಿಯಲ್ಲಿ ಜಾಂಡೀಸ್ ಆಗಿ ಹೋದಾಗ ಅವನು ಮೊಲೆ ಬಿಟ್ಟಿರಲಿಲ್ಲ. ಉಡುಪಿಯಲ್ಲಿದ್ದ ಈ ಅತ್ತೆಯೇ ತನ್ನ ಮಕ್ಕಳ ಜೊತೆ ಸಾಕಿದ್ದು. ನಮ್ಮ ಕಡೆಯಿಂದ ನನ್ನ ತಮ್ಮ, ಮಗಳ ಸೋದರ ಮಾವ, ಕೂತಿದ್ದ. ಮದುವೆಯ ಮಾತಿನಲ್ಲಿ ಸೋದರ ಮಾವ ಹೂಂ ಅನ್ನದೆ ಏನೂ ನಡೆಯುವುದಿಲ್ಲ. ಅವನು ಎದ್ದು ಶಲ್ಯ ಕೊಡವಿದ.

"ಇನ್ನು ಮಾತಿಲ್ಲ. ತಂಗಿಯನ್ನು ಅಣ್ಣನಿಗೆ ಕೊಡ್ಲಿಕ್ಕೆ ಆಗ್ತದಾ?" ಅಂದ.

ಅವರು ಹೋದ ಮೇಲೆ ಮೊಮ್ಮಗಳು ರಿಜಿಸ್ಟ್ರಿ ಮಾಡಿಕೊಳ್ಳುತ್ತೇನೆ ಅಂದಳು. ಹಾಗಾದರೆ ಈ ಮೆಟ್ಟಿಲು ಪುನಃ ಹತ್ತಬೇಡ ಅಂತ ಅವಳ ಅಮ್ಮ ಅಂದಳು. ಇಬ್ಬರೂ ಹೇಳಿದ ಹಾಗೆ ಮಾಡುವವರೇ. ನಾನು ಯಾರೂ ಕುಡಿಯದ ಚಾವನ್ನು ತೆಂಗಿನ ಬುಡಕ್ಕೆ ಚೆಲ್ಲಿ ಗ್ಲಾಸು ತೊಳೆಯಲಿಕ್ಕೆ ಕೂತೆ. ಕೆಲಸ ಮಾಡುವಾಗ ನನ್ನ ತಲೆ ಓಡುತ್ತದೆ. ಬೀಡಿ ಕಟ್ಟುವಾಗಲೂ ಹಾಗೆಯೇ, ಕೈ ಒಂದು ಕಡೆ, ತಲೆ ಒಂದು ಕಡೆ. ಗ್ಲಾಸು ಕವುಚಿ ಇಡುವಾಗ ಗೊತ್ತಾಯಿತು, ಆ ಹೆಂಗಸು ಹೇಳಿದ್ದು ಯಾರ ಬಳಿ ಅಂತ.

ಮೊಮ್ಮಗಳ ಹತ್ತಿರ ಆ ಅತ್ತೆಗೆ ಫೋನು ಹಚ್ಚಿಸಿದೆ. ಮಾತೆಲ್ಲ ತುಳುವಿನಲ್ಲಿ ಆದದ್ದು, ನಾನು ಹೇಳಿ ಬರೆಸುವುದು ಕನ್ನಡದಲ್ಲಿ.

"ನೀವು ಹುಡುಗನಿಗೆ ಎಂತ ಆಗ್ಬೇಕು?"

"ಅತ್ತೆ. ಆಗ್ಲೇ ಹೇಳಿದ್ದೇನಲ್ಲ ಅಕ್ಕ."

"ಅಪ್ಪನ ತಂಗಿ ಅಲ್ವಾ? ಹಾಗಾದ್ರೆ ನೀವು ಹೇಳಿದ ಬಳಿ ಯಾರದ್ದು?"

ಆ ಕಡೆ ಮಿಕ್ಸಿ ತಿರುಗುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ಅಯ್ಯೋ ದೇವರೇ. ನನ್ನದ್ದು."

ನಾಗನಿಗೆ ತಂಬಿಲದ ಪೂಜೆ ಕೊಡುವಾಗ ತನ್ನ ಮಕ್ಕಳ ಸಾಲಿನಲ್ಲಿಯೇ ಅವನನ್ನೂ ನಿಲ್ಲಿಸುವುದು, ಬಳಿ ಯಾವುದು ಅಂತ ಕೇಳಿದರೆ ಎಲ್ಲರಿಗೂ ಸೇರಿಸಿ ಒಂದೇ ಹೇಳುವುದು. ಹಾಗೆ ಹೇಳಿ ಹೇಳಿ ಅವಳಿಗೂ ಅವನಿಗೂ ಅದೇ ನಿಜ ಆಗಿತ್ತು. ಸಾಕಿದವರಿಗೆ ಹೀಗೆ ಆಗುತ್ತದೆ. ಅವಳು ಅಳಲಿಕ್ಕೆ ಶುರು ಮಾಡಿದಳು. ಅಳುವುದು ಆಮೇಲೆ, ಅವನ ಅಮ್ಮನ ಬಳಿ ಯಾವುದು ಹೇಳಿ ಅಂದೆ. ಗೊತ್ತಿಲ್ಲ ಅಂದಳು. ಅಣ್ಣನ ಮದುವೆ ಮುಂಬಯಿಯಲ್ಲಿಯೇ ಆದದ್ದು, ಅತ್ತಿಗೆಯ ತವರನ್ನು ನೋಡಿದವಳೇ ಅಲ್ಲ. ಹಿರಿಯಡ್ಕದಿಂದ ಒಳಗೆ ಎಲ್ಲೋ ಅಂತ ಕೇಳಿದ್ದು. ಮನೆಯ ಹೆಸರು ಮಾತ್ರ ನೆನಪು ಉಂಟು.

ಆ ಹೆಸರು ಹೇಳಿದಳು. ಆರೇಳು ಮೈಲಿ ಆಚೆಯವರಿಗೆ ತಿಳಿಯದ ಹೆಸರು, ಹಳೆಯ ಗದ್ದೆಗೆ ಇಡುವಂಥದ್ದು. ಇಲ್ಲಿ ಬರೆಸುವುದಿಲ್ಲ. ಬರೆಸಿದರೆ ನಾಳೆ ಯಾರಾದರೂ ಅದನ್ನು ಹುಡುಕುವಾಗ ನನ್ನ ಈ ಪುರಾಣ ಅಡ್ಡ ಬರುತ್ತದೆ. ಅದು ಎಷ್ಟು ಕಿರಿಕಿರಿ ಅಂತ ನಾನು ನೋಡಿದ್ದೇನೆ.

ಆದಿತ್ಯವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿದಳು. ಇಂಗ್ಲಿಷಿನಲ್ಲಿ ಹೊಡೆದಳು. ಒಂದು ಲಾಡ್ಜು ಬಂತು, ಚಿತ್ರ ಸಹಿತ. ಯಾವುದೋ ಊರಿನ ಸೀರೆ ಅಂಗಡಿ. ಒಬ್ಬ ಕ್ರಿಕೆಟಿನವನು.

"ಇವ ಯಾರು?"

"ಗೊತ್ತಿಲ್ಲ ಅಜ್ಜಿ. ಹೆಸರು ಸ್ವಲ್ಪ ಹತ್ತಿರ ಉಂಟಲ್ಲ, ಅದಕ್ಕೆ ತಂದಿದೆ. ನೋಡು, ನೀವು ಹುಡುಕಿದ್ದು ಇದನ್ನಾ ಅಂತ ಕೇಳ್ತದೆ."

"ಅಲ್ಲ ಅಂತ ಹೇಳು."

"ಹೇಳಿದ್ರೂ ಕೇಳುದಿಲ್ಲ. ನಾವು ತಪ್ಪು ಬರೆದದ್ದು ಅಂತ ಅದರ ಲೆಕ್ಕ."

ಕನ್ನಡದಲ್ಲಿ ಬರೆದಳು. ಆಗ ಅದು ಪೂರಾ ಬೇರೆ ಶಬ್ದ ಹಿಡಿದುಕೊಂಡು ಗದ್ದೆಗೆ ಹಾಕುವ ಗೊಬ್ಬರದ ವಿಷಯ ಹೇಳಿತು. ನಾನು ಮೂರನೇ ಕ್ಲಾಸಿನವರೆಗೆ ಹೋದವಳು, ಬೋರ್ಡು ಓದುವಾಗ ಬಸ್ಸು ಹೋಗಿರುತ್ತದೆ. ಆದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಚೆಕ್ಕರನನ್ನು ನೋಡಿದ್ದೇನೆ. ಕಟ್ಟಿನಲ್ಲಿ ಒಂದು ಬೀಡಿ ಸ್ವಲ್ಪ ದಪ್ಪ ಇದ್ದರೆ ಮುರಿದು ಬಿಸಾಡುವವನು. ಆಗ ಅವನಿಗೆ ಶಾಪ ಹಾಕಿದ್ದೇನೆ. ಈ ಮೊಬೈಲಿನ ಒಳಗೆ ಅಂಥವನೊಬ್ಬ ಕೂರಬೇಕಿತ್ತು ಅಂತ ಅವತ್ತು ಅನಿಸಿತು. ಇದು ಯಾವುದನ್ನೂ ಬಿಸಾಡುವುದಿಲ್ಲ, ಹತ್ತಿರ ಬಂದದ್ದನ್ನೆಲ್ಲ ಗೆರಸೆಗೆ ತುಂಬಿಸುತ್ತದೆ.

ಮೊಮ್ಮಗಳು ಶಬ್ದದ ಆಚೆ ಈಚೆ ಎರಡೆರಡು ಸಣ್ಣ ಗೀಟು ಹಾಕಿದಳು, ಯಾರಾದರೂ ಹೇಳಿದ ಮಾತನ್ನು ಬರೆಯುವಾಗ ಹಾಕುತ್ತಾರಲ್ಲ, ಹಾಗೆ. ಹೀಗೆ ಹಾಕಿದರೆ ಇದ್ದದ್ದು ಇದ್ದ ಹಾಗೆಯೇ ಬೇಕು, ಬೇರೆ ಬೇಡ ಅಂತ ಅರ್ಥವಂತೆ.

"ಇದು ಮೊದಲೇ ಮಾಡ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನೆನಪಾಗ್ಲಿಲ್ಲ ಅಜ್ಜಿ. ನಂದೇ ಮದುವೆ ಅಲ್ವಾ, ತಲೆ ಓಡುದಿಲ್ಲ."

ಏನೂ ಸಿಗಲಿಲ್ಲ ಅಂತ ಬಂತು. ಅದರ ಕೆಳಗೆ, ಗೀಟು ಇಲ್ಲದೆ ಹುಡುಕಿದರೆ ಹೀಗೆ ಉಂಟು ಅಂತ ಪುನಃ ಅದೇ ಗೊಬ್ಬರ. ನಾನು ಎದ್ದು ಒಳಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಬಂದೆ. ಅಷ್ಟರಲ್ಲಿ ಅವಳು ಹೆಸರಿಗೆ 'ಮನೆಯ' ಅಂತ ಅಂಟಿಸಿ ಒಂದೇ ಶಬ್ದ ಮಾಡಿ, ಅದನ್ನು ಗೀಟಿನ ಒಳಗೆ ಇಟ್ಟು, ಹೊರಗೆ ಹಿರಿಯಡ್ಕ ಅಂತ ಬರೆದಿದ್ದಳು. ಒಂದೇ ಒಂದು ಬಂತು. ಯಾವುದೋ ಊರ ಸುದ್ದಿಯ ಪುಟ. ಆ ಮನೆಯ ಬಾವಿಗೆ ಚಿರತೆ ಬಿದ್ದದ್ದು, ಅರಣ್ಯದವರು ಬಲೆ ಇಳಿಸಿ ಎತ್ತಿದ್ದು.

ನಾನು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಅತ್ತೆ ಹೇಳಿದ ಹೆಸರೇ. ಮೊಮ್ಮಗಳು ಜೋರಾಗಿ ನಕ್ಕಳು, ಆಮೇಲೆ ಮೂಗು ಒರೆಸಿಕೊಂಡಳು. ನಾನು ಬಾವಿಯ ಚಿತ್ರ ನೋಡುತ್ತಾ ಇದ್ದೆ.

ಮರುದಿನ ಅವಳು ರಜೆ ಹಾಕಿದಳು. ಕಾಪುವಿನಿಂದ ಉಡುಪಿ, ಉಡುಪಿಯಿಂದ ಹಿರಿಯಡ್ಕ, ಎರಡು ಬಸ್ಸು. ಹುಡುಗನನ್ನು ಕರೆಯಲಿಲ್ಲ. ಅಲ್ಲಿಯೂ ಅದೇ ಬಳಿ ಅಂತ ಆದರೆ ಅವನ ಮುಖ ನೋಡಿಕೊಂಡು ವಾಪಸ್ ಬರುವುದು ಯಾರು? ಹಿರಿಯಡ್ಕದಲ್ಲಿ ರಿಕ್ಷಾದವನಿಗೆ ಮನೆಯ ಹೆಸರು ಹೇಳಿದರೆ ಗೊತ್ತಿಲ್ಲ ಅಂದ.

"ಚಿರತೆ ಬಿದ್ದ ಬಾವಿ," ಅಂದೆ.

"ಓ, ಅದಾ! ಹಾಗೆ ಹೇಳಿ ಅಜ್ಜಿ. ಕೂತ್ಕೊಳ್ಳಿ. ನಾನು ನೋಡ್ಲಿಕ್ಕೆ ಹೋಗಿದ್ದೆ." ದಾರಿ ಉದ್ದಕ್ಕೂ ಚಿರತೆಯ ಬಾಲ ಎಷ್ಟು ಉದ್ದ ಅಂತ ಹ್ಯಾಂಡಲು ಬಿಟ್ಟು ತೋರಿಸಿದ.

ಅಂಗಳದಲ್ಲಿ ನನ್ನ ಪ್ರಾಯದ ಹೆಂಗಸು ಮೆಣಸು ಒಣಗಿಸುತ್ತಿದ್ದಳು. ಹುಡುಗನ ಅಮ್ಮನ ಅಮ್ಮ ಅವಳೇ. ನಾನು ಸುತ್ತಿ ಬಳಸದೆ ಬಂದ ಕೆಲಸ ಹೇಳಿದೆ. ಅವಳು ಮೆಣಸು ಹರಡುವುದನ್ನು ನಿಲ್ಲಿಸಲಿಲ್ಲ.

"ಮಗಳು ಹೋದ ಮೇಲೆ ಮಗುವನ್ನು ನೋಡ್ಲಿಕ್ಕೆ ಉಡುಪಿಗೆ ಹೋಗಿದ್ದೇವೆ. ಬಾಡಿಗೆ ಮನೆ ಬಿಟ್ಟು ಹೋಗಿದ್ದಾರೆ ಅಂದ್ರು. ಎಲ್ಲಿಗೆ ಅಂತ ಯಾರೂ ಹೇಳ್ಲಿಲ್ಲ. ಮಗು ಕೇಳ್ತೇವೆ ಅಂತ ಹೆದರಿಕೆ ಅವರಿಗೆ. ಈಗ ಬಳಿ ಬೇಕಾಯ್ತಾ?"

"ನಮಗೆ ಬೇಕಾಯ್ತು. ಅವರು ನಿಮ್ಮನ್ನು ಹುಡುಕಿದ್ದಾರಾ ಇಲ್ವಾ ಅಂತ ನನಗೆ ಗೊತ್ತಿಲ್ಲ. ನಾವು ಹುಡುಕಿದ್ದೇವೆ."

"ಹೇಗೆ ಸಿಕ್ಕಿತು ಮನೆ?"

ಮೊಮ್ಮಗಳು ಮೊಬೈಲು ತೋರಿಸಿದಳು. ಆ ಹೆಂಗಸು ದೂರ ಹಿಡಿದು ನೋಡಿದಳು.

"ಇಷ್ಟು ವರ್ಷದಲ್ಲಿ ಈ ಮನೆಗೆ ಆದದ್ದು ಅದೊಂದೇನಾ?" ಅಂದಳು.

ಆಮೇಲೆ ನೀರು ಬೆಲ್ಲ ತಂದುಕೊಟ್ಟಳು. ಬಳಿ ಮಾತ್ರ ಹೇಳಲಿಲ್ಲ. ಅವನೇ ಬಂದು ಕೇಳಲಿ ಅಂತ ಒಂದೇ ಹಠ.

"ಬಂದಾನು. ಆದ್ರೆ ನಿಮ್ಮದೂ ನಮ್ಮದೂ ಒಂದೇ ಅಂತಾದ್ರೆ ಅವನನ್ನು ಕರೆಸಿ ಎಂತ ಪ್ರಯೋಜನ?"

"ಒಂದೇ ಆದ್ರೆ ಬರುದಿಲ್ವಾ ಅವ? ಹಾಗಾದ್ರೆ ಬರುದು ನನ್ನನ್ನು ನೋಡ್ಲಿಕ್ಕೆ ಅಲ್ಲ."

ಮೊಮ್ಮಗಳು ಎದ್ದು ಹಲಸಿನ ಮರದ ಕೆಳಗೆ ಹೋಗಿ ಫೋನು ಮಾಡಿದಳು. ಮಣಿಪಾಲ ದೂರವಲ್ಲ. ಅವನು ಬರುವವರೆಗೆ ಆ ಹೆಂಗಸು ನನಗೆ ಬಾವಿ ತೋರಿಸಿದಳು. ಈಗ ಮೇಲೆ ಕಬ್ಬಿಣದ ಬಲೆ ಹಾಕಿದ್ದಾರೆ. ಚಿರತೆ ರಾತ್ರಿಯಿಡೀ ಬಾವಿಯ ಒಳಗಿನ ಕಲ್ಲಿಗೆ ಅಂಟಿಕೊಂಡು ಕೂತಿತ್ತಂತೆ, ನೀರು ಕುಡಿಯಲಿಕ್ಕೆ ಆಮೇಲೆ ಮನೆಯವರಿಗೇ ಹೇಸಿಗೆ ಆಯಿತಂತೆ. ನನ್ನ ಮನಸ್ಸು ಚಿರತೆಯಲ್ಲಿ ಇರಲಿಲ್ಲ. ಅವಳದ್ದೂ ಇರಲಿಲ್ಲ, ಪ್ರತಿ ಬೈಕಿನ ಶಬ್ದಕ್ಕೆ ತಿರುಗುತ್ತಿದ್ದಳು.

ಅವನು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತ. ಎಂತ ಹೇಳಬೇಕು ಅಂತ ತಿಳಿಯದೆ ಬಗ್ಗಿ ಕಾಲು ಮುಟ್ಟಿದ. ಅವಳು ಅವನ ಕಿವಿ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ.

"ನಿನ್ನ ಬಳಿ ಯಾವುದು?"

ಅವನು ಅತ್ತೆಯದ್ದು ಹೇಳಿದ.

"ಅದು ನಿನ್ನನ್ನು ಸಾಕಿದವಳದ್ದು. ನೀನು ನಮ್ಮವ," ಅಂತ ತನ್ನದು ಹೇಳಿದಳು.

ನಮ್ಮದಲ್ಲ. ನಾನು ಬೇಲಿಯ ಹತ್ತಿರ ಹೋಗಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದೆ. ಮೊಮ್ಮಗಳು ಅಂಗಳದ ಮೆಣಸು ಹರಡಲಿಕ್ಕೆ ಕೂತಿದ್ದಳು.

ತಮ್ಮನಿಗೆ ಹೇಳಲಿಕ್ಕೆ ನಾನೇ ಹೋದೆ.

"ಇದೆಲ್ಲ ಯಾರು ಹೇಳಿದ್ದು? ನೆಟ್ಟಾ?" ಅಂತ ಹಂಗಿಸಿದ.

"ನೆಟ್ಟು ಚಿರತೆಯ ವಿಷಯ ಹೇಳಿದ್ದು. ಬಳಿ ಹೇಳಿದ್ದು ಹೆತ್ತವಳ ಅಮ್ಮ. ಬೇಕಾದ್ರೆ ರಿಕ್ಷಾ ಮಾಡಿ ಹೋಗಿ ಕೇಳು."

ಅವನು ಹೋಗಿ ಕೇಳಿಯೇ ಬಂದ. ಬರುವಾಗ ಒಂದು ಕಟ್ಟು ಒಣ ಮೆಣಸು ಕೈಯಲ್ಲಿ ಇತ್ತು.

ಮದುವೆ ಆಯಿತು. ಹುಡುಗನ ಕಡೆ ಸೋದರ ಮಾವನಾಗಿ ಆ ಮನೆಯ ಮಗ ನಿಂತ. ಅತ್ತೆ ಹಿಂದಿನ ಸಾಲಿನಲ್ಲಿ ಕೂರಲಿಕ್ಕೆ ನೋಡಿದಳು. ಹಿರಿಯಡ್ಕದ ಆ ಅಜ್ಜಿ ರಟ್ಟೆ ಹಿಡಿದು ಎಳೆದು ತನ್ನ ಪಕ್ಕದಲ್ಲಿ ಕೂರಿಸಿದಳು. ಇಬ್ಬರೂ ಊಟಕ್ಕೆ ಒಟ್ಟಿಗೆ ಎದ್ದರು.

ಮದುವೆಯ ಕಾಗದದಲ್ಲಿ ಆ ಮನೆಯ ಹೆಸರು ಹಾಕಿಸಿದ್ದೇವೆ. ಅದರ ಚಿತ್ರವನ್ನು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದ್ದಾರೆ. ಮೊನ್ನೆ ಮೊಮ್ಮಗಳು ಬಂದಾಗ, ಆ ಹೆಸರಿಗೆ ಗೀಟು ಹಾಕಿ ಪುನಃ ಒಮ್ಮೆ ನೋಡು ಅಂದೆ. ನೋಡಿದಳು. ಚಿರತೆಯೊಂದೇ ಬಂತು.