ಮನುಷ್ಯರೆಲ್ಲ ಒಂದೇ ಎನ್ನುತ್ತಿದ್ದ ಟೀಚರ್

ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ನಿವೃತ್ತ ಟೀಚರೊಬ್ಬರಿದ್ದರು. ಯಾರ ಮನೆಗೆ ಹೋದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೇರ ಅಡುಗೆಮನೆಗೇ ನುಗ್ಗುತ್ತಿದ್ದರು. "ಮನುಷ್ಯಾರೆಲ್ಲ ಒಂದ" ಎನ್ನುವುದು ಅವರ ಮಾತು. ಅದನ್ನು ಕೇಳಿ ಕೇಳಿ ನನಗೆ ತಲೆಚಿಟ್ಟು ಹಿಡಿದಿತ್ತು.

ಎದುರುಮನೆಗೆ ಒಡಿಶಾದ ದಂಪತಿ ಬಾಡಿಗೆಗೆ ಬಂದರು. ಗಂಡ ಜೀನ್ಸ್ ಹೊಲಿಯುತ್ತಿದ್ದ. ಹೆಂಡತಿಗೆ ಹೆರಿಗೆಯಾದದ್ದೇ ತಡ, ಟೀಚರ್ ದಿನಾ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಖಾರ ಹೊತ್ತು ನಡೆದರು. ಎದುರಿಗೇ ಕುಳಿತು ತಿನ್ನಿಸುತ್ತಿದ್ದರು. ಆಕೆ ಕಣ್ಣೀರು ಸುರಿಸುತ್ತ ನುಂಗುತ್ತಿದ್ದಳು. ಎಂಟು ದಿನ ನೋಡಿ, ಸಾಕಾಗಿ ಹೇಳಿಯೇಬಿಟ್ಟೆ.

"ಟೀಚರ್, ಆಕಿಗೆ ಇದು ಸೇರವಲ್ದುರಿ. ಒಮ್ಮೆನಾದ್ರೂ ಏನು ಬೇಕಂತ ಕೇಳೀರೇನು?"

"ಕೇಳೋದೇನೈತಿ? ಹಸಿವು ಎಲ್ಲಾರಿಗೂ ಒಂದ!"

"ಹಸಿವು ಒಂದ ರೀ, ನಾಲಿಗಿ ಬ್ಯಾರೆ."

ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಬರಿಗೈಯಲ್ಲಿ ಹೋಗಿ ಆಕೆಯ ಹೊಸ್ತಿಲ ಬಳಿ ಕುಳಿತು, ನೆರೆಯವರಿಂದ ಕಲಿತ ಹರಕುಮುರುಕು ಉರ್ದುವಿನಲ್ಲಿ, "ತುಮಕು ಕ್ಯಾ ಹೋನಾ?" ನಿನಗೇನು ಬೇಕು ಎಂದು ಕೇಳಿದರು. ಅಷ್ಟು ದಿನ ಬಾಯಿಬಿಡದ ಬಾಣಂತಿ ತನ್ನ ಭಾಷೆಯಲ್ಲಿ ಅರ್ಧ ತಾಸು ಮಾತಾಡಿದಳು. ಅತ್ತಳು, ಒಮ್ಮೆ ನಕ್ಕಳು ಕೂಡ.

ಎದ್ದು ಬಂದ ಟೀಚರ್ ನನ್ನ ಮೇಲೆ ರೇಗಿದರು. "ಒಂದಕ್ಷರ ತಿಳೀಲಿಲ್ಲ. ನಾಳಿ ಮತ್ತ ಕೇಳಾಕ ಹೋಗ್ತೀನಿ."